ಮುಕ್ತ ತಂತ್ರಾಂಶದ ದಸ್ತಾವೇಜು ನಿರ್ವಹಣೆ

ಮುಕ್ತ ತಂತ್ರಾಂಶದ ದಸ್ತಾವೇಜು ನಿರ್ವಹಣೆ ಎಂದರೆ ಮುಕ್ತ ಆಕರ ತಂತ್ರಾಂಶವೊಂದಕ್ಕೆ ಸಂಬಂಧಿಸಿ ಜಾಲತಾಣದಲ್ಲಿ ಪ್ರಕಟವಾಗಿರುವ ಕೈಪಿಡಿ, ಸಹಾಯಪುಟ, ಅಳವಡಿಕೆಯ ಸೂಚನೆ ಮುಂತಾದ ಬರಹಗಳನ್ನು ಆ ತಂತ್ರಾಂಶದ ಸದ್ಯದ ಸ್ಥಿತಿಗೆ ಹೊಂದುವಂತೆ ಸರಿಪಡಿಸುತ್ತ ಬರುವ ಕೆಲಸ. ಇದರಲ್ಲಿ ಹೊಸ ಪುಟಗಳ ರಚನೆಗಿಂತ ಹಳೆಯ ಪುಟಗಳ ಆರೈಕೆಯೇ ಹೆಚ್ಚು. ಆರೈಕೆಯ ಬಹುಭಾಗ ಎರಡು ಸಂಗತಿಗಳಿಗೆ ಸಲ್ಲುತ್ತದೆ: ಒಂದು ಪುಟದಿಂದ ಇನ್ನೊಂದಕ್ಕೆ ಕರೆದೊಯ್ಯುವ ಕೊಂಡಿಗಳು, ಮತ್ತು ಪುಟದಲ್ಲಿ ಬಳಸಿದ ಪದಗಳು. ಇಂಗ್ಲಿಷಿನಲ್ಲಿ ಇವೆರಡನ್ನು ಬಹುಮಟ್ಟಿಗೆ ಬೇರೆ ಬೇರೆ ಕೆಲಸಗಳೆಂದು ನೋಡಬಹುದು. ಕನ್ನಡದಲ್ಲಿ ವಿಭಕ್ತಿಪ್ರತ್ಯಯ ಸೇರಿದಾಗ ನಾಮಪದದ ರೂಪವೇ ಬದಲಾಗುವುದರಿಂದ, ಹಾಗೂ ಒಂದೇ ಹೆಸರಿಗೆ ಹಲವು ಬರವಣಿಗೆಗಳು ರೂಢಿಯಲ್ಲಿರುವುದರಿಂದ, ಪದದ ತೊಡಕು ಬಹುಬೇಗ ಕೊಂಡಿಯ ತೊಡಕಾಗುತ್ತದೆ.

ಹಿನ್ನೆಲೆ

ತಂತ್ರಾಂಶವನ್ನು ನೋಡುವ, ತಿದ್ದುವ, ಹಂಚುವ ಸ್ವಾತಂತ್ರ್ಯ ಅದರ ಕೈಪಿಡಿಗೂ ಇರಬೇಕೆಂಬುದು ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯ ನಿಲುವು. ತಂತ್ರಾಂಶವನ್ನು ತಿದ್ದಿದವನಿಗೆ ಅದರ ಕೈಪಿಡಿಯನ್ನು ತಿದ್ದುವ ಹಕ್ಕಿಲ್ಲದಿದ್ದರೆ ಕೈಪಿಡಿ ಸುಳ್ಳು ಹೇಳತೊಡಗುತ್ತದೆ ಎಂಬುದು ಇದರ ಹಿಂದಿನ ಸರಳ ತರ್ಕ. ಈ ಉದ್ದೇಶಕ್ಕಾಗಿ 2000ದಲ್ಲಿ ಗ್ನೂ ಮುಕ್ತ ದಸ್ತಾವೇಜು ಪರವಾನಗಿ ಹೊರಬಂದಿತು. ತಂತ್ರಾಂಶದ ಕೈಪಿಡಿಗಳಿಗೆಂದು ರಚಿತವಾದ ಇದೇ ಪರವಾನಗಿಯಡಿ ವಿಕಿಪೀಡಿಯವು 2001ರಿಂದ ಪ್ರಕಟವಾಗುತ್ತಿದ್ದು, 2009ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಬದಲಾಯಿತು.

ಕಾರ್ಯಕ್ರಮದಲ್ಲಿ ದೋಷವಿದ್ದರೆ ಅದು ನಿಲ್ಲುತ್ತದೆ, ಬಳಕೆದಾರ ದೂರುತ್ತಾನೆ, ಯಾರಾದರೂ ಸರಿಪಡಿಸುತ್ತಾರೆ. ದಸ್ತಾವೇಜಿನಲ್ಲಿ ದೋಷವಿದ್ದರೆ ಏನೂ ನಿಲ್ಲುವುದಿಲ್ಲ. ಓದುಗ ತನಗೇ ಅರ್ಥವಾಗಲಿಲ್ಲವೆಂದು ತಿಳಿದು ಹೊರಟುಹೋಗುತ್ತಾನೆ. ಇಂಗ್ಲಿಷ್ ಬಲ್ಲವನಿಗೆ ಬೇರೆ ಹತ್ತು ಪುಟಗಳು ಸಿಕ್ಕಾವು. ಕನ್ನಡದಲ್ಲಿ ಮಾತ್ರ ಓದಬಲ್ಲ ವಿದ್ಯಾರ್ಥಿಗೆ ಅನೇಕ ವಿಷಯಗಳಲ್ಲಿ ಇರುವುದು ಒಂದೇ ಪುಟ. ಆ ಪುಟದ ಕೊಂಡಿ ಕಡಿದರೆ ಅವನ ದಾರಿ ಅಲ್ಲಿಗೆ ಮುಗಿಯುತ್ತದೆ.

ಕೊಂಡಿ ಕಡಿಯುವ ಬಗೆಗಳು

ಜಾಲತಾಣದ ವಿಳಾಸವನ್ನು ಕೇಳಿದಾಗ ಸೇವಾಗಣಕವು ಮೂರಂಕಿಯ ಸಂಖ್ಯೆಯೊಂದಿಗೆ ಉತ್ತರಿಸುತ್ತದೆ. 200 ಎಂದರೆ ಪುಟ ಸಿಕ್ಕಿತು. 301 ಎಂದರೆ ಶಾಶ್ವತವಾಗಿ ಬೇರೆಡೆಗೆ ಹೋಗಿದೆ. 404 ಎಂದರೆ ಸಿಗಲಿಲ್ಲ. 410 ಎಂದರೆ ಉದ್ದೇಶಪೂರ್ವಕವಾಗಿ ತೆಗೆಯಲಾಗಿದೆ. ಪುಟವನ್ನು ಸ್ಥಳಾಂತರಿಸಿದವರು ಹಳೆಯ ವಿಳಾಸದಲ್ಲಿ 301ರ ಸೂಚನೆಯನ್ನು ಇರಿಸಿದರೆ ಯಾರಿಗೂ ತೊಂದರೆಯಾಗದು. ವಿಶ್ವವ್ಯಾಪಿ ಜಾಲದ ಜನಕ ಟಿಮ್ ಬರ್ನರ್ಸ್-ಲೀ 1998ರಲ್ಲೇ ಒಳ್ಳೆಯ ವಿಳಾಸಗಳು ಬದಲಾಗಬಾರದೆಂದು ವಾದಿಸಿ ಒಂದು ಬರಹ ಪ್ರಕಟಿಸಿದ್ದರು. ಅದು ಪಾಲನೆಯಾದದ್ದು ಕಡಿಮೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರವು 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2013ರಲ್ಲಿದ್ದ ಜಾಲಪುಟಗಳ ಪೈಕಿ ಶೇಕಡಾ 38ರಷ್ಟು ಹತ್ತು ವರ್ಷಗಳ ನಂತರ ಸಿಗುತ್ತಿರಲಿಲ್ಲ. ಅದೇ ಅಧ್ಯಯನವು ಪರಿಶೀಲಿಸಿದ ವಿಕಿಪೀಡಿಯ ಪುಟಗಳಲ್ಲಿ ಶೇಕಡಾ 54ರ ಉಲ್ಲೇಖಗಳಲ್ಲಿ ಒಂದಾದರೂ ಸತ್ತ ಕೊಂಡಿಯಿತ್ತು.

ಮುಕ್ತ ತಂತ್ರಾಂಶದ ಜಗತ್ತಿನಲ್ಲಿ ದೊಡ್ಡ ಪ್ರಮಾಣದ ಕೊಂಡಿನಾಶಕ್ಕೆ ಕಾರಣವಾಗುವುದು ಆತಿಥ್ಯ ನೀಡುವ ತಾಣಗಳ ಮುಚ್ಚುಗಡೆ. 2006ರಲ್ಲಿ ಆರಂಭವಾದ ಗೂಗಲ್ ಕೋಡ್ ತಾಣವನ್ನು ಮುಚ್ಚುವುದಾಗಿ 2015ರ ಮಾರ್ಚ್‌ನಲ್ಲಿ ಪ್ರಕಟಿಸಿ, 2016ರ ಜನವರಿಯಲ್ಲಿ ಸೇವೆಯನ್ನು ನಿಲ್ಲಿಸಲಾಯಿತು. ಅಲ್ಲಿದ್ದ ಯೋಜನೆಗಳು ಗಿಟ್‌ಹಬ್ ಮೊದಲಾದ ತಾಣಗಳಿಗೆ ಗುಳೆ ಹೋದವು. ಅವುಗಳತ್ತ ಬೆರಳು ತೋರುತ್ತಿದ್ದ ಸಾವಿರಾರು ಕೈಪಿಡಿಗಳು ಇದ್ದಲ್ಲೇ ಉಳಿದವು.

ಕಣ್ಣಿಗೆ ಬೀಳದ ಮುರಿಯುವಿಕೆ ಇದಕ್ಕಿಂತ ಕಷ್ಟದ್ದು. ಉದ್ದನೆಯ ಕೈಪಿಡಿಯ ನಿರ್ದಿಷ್ಟ ಭಾಗಕ್ಕೆ ಹೋಗುವ ಕೊಂಡಿಯು ಸಾಮಾನ್ಯವಾಗಿ ಆ ಭಾಗದ ಶೀರ್ಷಿಕೆಯ ಪದಗಳಿಂದಲೇ ರಚಿತವಾಗಿರುತ್ತದೆ. ಯಾರೋ ಶೀರ್ಷಿಕೆಯ ಭಾಷೆಯನ್ನು ಸ್ವಲ್ಪ ತಿದ್ದುತ್ತಾರೆ. ಕೊಂಡಿ ಈಗಲೂ ಪುಟವನ್ನು ತೆರೆಯುತ್ತದೆ, ಆದರೆ ಓದುಗನನ್ನು ಪುಟದ ತಲೆಭಾಗದಲ್ಲಿ ಇಳಿಸಿಬಿಡುತ್ತದೆ. ಯಾವ ದೋಷಸಂಖ್ಯೆಯೂ ದಾಖಲಾಗುವುದಿಲ್ಲ. ಆಕರ ಸಂಕೇತದ ಕಡತದಲ್ಲಿ ಇಂಥ ಸಾಲನ್ನು ನೋಡಿ ಎಂದು ತೋರುವ ಕೊಂಡಿಯೂ ಹಾಗೆಯೇ: ಕಡತದ ಮೇಲ್ಭಾಗದಲ್ಲಿ ನಾಲ್ಕು ಸಾಲು ಸೇರಿದರೆ ಅದು ತೋರುವುದು ಬೇರೆ ಸಾಲನ್ನು. ಹೀಗಾಗಿ ಗಿಟ್ ಬಳಸುವ ಯೋಜನೆಗಳಲ್ಲಿ ಶಾಖೆಯ ಹೆಸರಿನ ಬದಲು ಆವೃತ್ತಿಯ ಗುರುತುಸಂಖ್ಯೆಯಿರುವ ವಿಳಾಸವನ್ನು ಕೊಡುವುದು ರೂಢಿಯಾಗಿದೆ.

ಕಿರುಕೊಂಡಿಗಳ ಮೇಲೆ ಭಾರ ಹಾಕುವುದೂ ಅಪಾಯವೇ. ಗೂಗಲ್ ಸಂಸ್ಥೆ ತನ್ನ ಕಿರುಕೊಂಡಿ ಸೇವೆಯಲ್ಲಿ ಹೊಸದನ್ನು ರಚಿಸುವ ಅವಕಾಶವನ್ನು 2019ರಲ್ಲಿ ಪೂರ್ತಿಯಾಗಿ ನಿಲ್ಲಿಸಿತು. ಹಳೆಯವೂ 2025ರ ಆಗಸ್ಟ್‌ನಲ್ಲಿ ಕೆಲಸ ಮಾಡವು ಎಂದು 2024ರಲ್ಲಿ ತಿಳಿಸಿ, ಗಡುವು ಹತ್ತಿರವಾದಾಗ ಬಳಕೆಯಲ್ಲಿರುವ ಕೊಂಡಿಗಳನ್ನು ಉಳಿಸುವುದಾಗಿ ನಿಲುವು ಬದಲಿಸಿತು.

ದುರಸ್ತಿ

ಕೊಂಡಿಗಳನ್ನು ಒಂದೊಂದಾಗಿ ಒತ್ತಿ ನೋಡುವ ಕೆಲಸವನ್ನು ಇಂದು ಯಂತ್ರಕ್ಕೆ ವಹಿಸಲಾಗುತ್ತದೆ. ಪೈಥಾನ್ ಭಾಷೆಯ ದಸ್ತಾವೇಜಿಗಾಗಿ ರೂಪುಗೊಂಡು 2008ರಲ್ಲಿ ಬಿಡುಗಡೆಯಾದ ಸ್ಫಿಂಕ್ಸ್ ಎಂಬ ಸಲಕರಣೆಯಲ್ಲಿ ಕೊಂಡಿ ಪರಿಶೀಲನೆಯ ಸೌಲಭ್ಯ ಅಂತರ್ಗತವಾಗಿದೆ. ಅದು ಹೊರಗಿನ ಪ್ರತಿಯೊಂದು ವಿಳಾಸಕ್ಕೂ ಹೋಗಿ ಬಂದು, ಕಡಿದುಹೋದವನ್ನೂ ಬೇರೆಡೆಗೆ ತಿರುಗಿದವನ್ನೂ ಪಟ್ಟಿ ಮಾಡಿಕೊಡುತ್ತದೆ. ಒಳಗಿನ ಪುಟಗಳಿಗಾದರೆ ವಿಳಾಸದ ಬದಲು ಬರಹಗಾರರೇ ಇಟ್ಟ ಗುರುತುಚೀಟಿಯ ಮೂಲಕ ಕೊಂಡಿ ಕೊಡಬಹುದು. ಪುಟ ಎಲ್ಲಿಗೆ ಸರಿದರೂ ಚೀಟಿ ಅದರ ಜೊತೆಗೆ ಹೋಗುತ್ತದೆ.

ಯಂತ್ರಕ್ಕೆ ತಿಳಿಯದಿರುವುದು ಪುಟದ ಅರ್ಥ. ತಾಣದ ಹೆಸರಿನ ನೋಂದಣಿ ನವೀಕರಣವಾಗದೆ ಬೇರೆಯವರ ಪಾಲಾಗಿ, ಕೈಪಿಡಿಯಿದ್ದ ಜಾಗದಲ್ಲಿ ಜೂಜಿನ ಜಾಹೀರಾತು ಬಂದರೂ ಸೇವಾಗಣಕ 200 ಎಂದೇ ಉತ್ತರಿಸುತ್ತದೆ. ಇಂಥದನ್ನು ಹಿಡಿಯಲು ಪುಟವನ್ನು ಓದುವ ಮನುಷ್ಯನೇ ಬೇಕು. ಕಡಿದ ಕೊಂಡಿ ಕಂಡೊಡನೆ ಅಳಿಸಿಹಾಕುವುದು ಹೊಸಬರು ಸಾಮಾನ್ಯವಾಗಿ ಮಾಡುವ ಕೆಲಸ. ಹಾಗೆ ಅಳಿಸಿದರೆ ಮೂಲದಲ್ಲಿ ಏನಿತ್ತೆಂದು ಹುಡುಕುವ ಕೊನೆಯ ಸುಳಿವೂ ಹೋಗುತ್ತದೆ. ಮೊದಲು ಪುಟದ ಹೊಸ ವಿಳಾಸವನ್ನು, ಅದು ಸಿಗದಿದ್ದರೆ ಸಂಗ್ರಹಿತ ಪ್ರತಿಯನ್ನು ಹುಡುಕುವುದು ಸರಿಯಾದ ಕ್ರಮ. 1996ರಲ್ಲಿ ಸ್ಥಾಪನೆಯಾದ ಇಂಟರ್ನೆಟ್ ಆರ್ಕೈವ್ ಸಂಸ್ಥೆಯು ತನ್ನ ಸಂಗ್ರಹವನ್ನು ವೇಬ್ಯಾಕ್ ಮಷಿನ್ ಎಂಬ ಹೆಸರಿನಲ್ಲಿ 2001ರಿಂದ ಸಾರ್ವಜನಿಕರಿಗೆ ತೆರೆದಿದೆ. ಈ ಸಂಗ್ರಹದ ನೆರವಿನಿಂದ 22 ಭಾಷೆಗಳ ವಿಕಿಪೀಡಿಯಗಳಲ್ಲಿ 90 ಲಕ್ಷಕ್ಕೂ ಹೆಚ್ಚು ಕಡಿದ ಕೊಂಡಿಗಳನ್ನು ಸರಿಪಡಿಸಲಾಗಿದೆಯೆಂದು ಸಂಸ್ಥೆ 2018ರಲ್ಲಿ ತಿಳಿಸಿತು.

ಹೆಸರು ಬದಲಾದಾಗ ಹಳೆಯದನ್ನು ಉಳಿಸಿಕೊಳ್ಳುವ ಮಾದರಿ ಭಾರತದ ಪ್ರತಿಯೊಂದು ಗಣಕದಲ್ಲೂ ಇದೆ. ಜಗತ್ತಿನ ಕಾಲವಲಯಗಳ ಮುಕ್ತ ದತ್ತಸಂಚಯದಲ್ಲಿ ಭಾರತೀಯ ಕಾಲಮಾನದ ಗುರುತು ಮೊದಲು ‘ಏಷ್ಯಾ/ಕ್ಯಾಲ್ಕಟಾ’ ಎಂದಿತ್ತು. ನಗರದ ಹೆಸರು ಬದಲಾದ ಮೇಲೆ ‘ಏಷ್ಯಾ/ಕೋಲ್ಕತಾ’ ಎಂದಾಯಿತು. ಹಳೆಯ ಗುರುತನ್ನು ತೆಗೆಯದೆ ಹೊಸದಕ್ಕೆ ಕೊಂಡಿಯಾಗಿ ಇರಿಸಿದ್ದರಿಂದ ಹಳೆಯ ಹೆಸರನ್ನು ಬಲ್ಲ ತಂತ್ರಾಂಶಗಳ ಗಡಿಯಾರ ತಪ್ಪಲಿಲ್ಲ.

ಪದಬಳಕೆಯ ನಿರ್ವಹಣೆ

ಅನುವಾದಿತ ದಸ್ತಾವೇಜಿನಲ್ಲಿ ಮೂಲದ ಒಂದು ಅಲ್ಪವಿರಾಮಕ್ಕೂ ಬೆಲೆ ತೆರಬೇಕಾಗುತ್ತದೆ. ಬಹುಪಾಲು ಮುಕ್ತ ತಂತ್ರಾಂಶಗಳು ಬಳಸುವ ಗ್ನೂ ಗೆಟ್‌ಟೆಕ್ಸ್ಟ್ ವ್ಯವಸ್ಥೆಯಲ್ಲಿ ಮೂಲವಾಕ್ಯ ಮತ್ತು ಅನುವಾದ ಜೋಡಿಯಾಗಿರುತ್ತವೆ; ಮೂಲವಾಕ್ಯವೇ ಆ ಜೋಡಿಯ ಗುರುತು. ಮೂಲದಲ್ಲಿ ಒಂದಕ್ಷರ ಬದಲಾದರೂ ಹಳೆಯ ಅನುವಾದವನ್ನು ವ್ಯವಸ್ಥೆ ಸಂದೇಹಾಸ್ಪದವೆಂದು ಗುರುತುಹಾಕುತ್ತದೆ. ಯಾರಾದರೂ ನೋಡಿ ಒಪ್ಪುವವರೆಗೆ ಅದು ಬಳಕೆಗೆ ಬರುವುದಿಲ್ಲ. ಅಲ್ಲಿಯವರೆಗೆ ಕನ್ನಡ ತೆರೆಯ ನಡುವೆ ಇಂಗ್ಲಿಷ್ ವಾಕ್ಯ ಇಣುಕುತ್ತದೆ. ಇಂಗ್ಲಿಷಿನಲ್ಲಿ ಕಾಗುಣಿತ ತಿದ್ದಿದವರಿಗೆ ತಾವು ಕನ್ನಡದ ವಾಕ್ಯವೊಂದನ್ನು ಅಳಿಸಿದೆವೆಂಬ ಅರಿವೂ ಇರುವುದಿಲ್ಲ. ಆದುದರಿಂದ ಗ್ನೋಮ್‌ನಂಥ ಯೋಜನೆಗಳು ಬಿಡುಗಡೆಗೆ ಕೆಲವು ವಾರ ಮೊದಲೇ ಮೂಲದ ಪದಗಳನ್ನು ಬದಲಿಸಬಾರದೆಂಬ ಕಟ್ಟುಪಾಡು ವಿಧಿಸುತ್ತವೆ.

ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶದ ಸಹಾಯಪುಟಗಳಲ್ಲಿ ಇದಕ್ಕೆ ಇನ್ನೊಂದು ಉಪಾಯವಿದೆ. ಪುಟವನ್ನು ಸಣ್ಣ ಸಣ್ಣ ಘಟಕಗಳಾಗಿ ಒಡೆದು, ಮೂಲದಲ್ಲಿ ಬದಲಾದ ಘಟಕದ ಅನುವಾದವನ್ನು ಮಾತ್ರ ಹಳತಾದುದೆಂದು ಬಣ್ಣದಿಂದ ತೋರಿಸಲಾಗುತ್ತದೆ. ಹಳೆಯ ಅನುವಾದ ಕಾಣುತ್ತಲೇ ಇರುತ್ತದೆ. ಕೊಂಡಿಯ ವಿಳಾಸವನ್ನು ವಾಕ್ಯದಿಂದ ಬೇರ್ಪಡಿಸಿ ಪ್ರತ್ಯೇಕ ಚರಪದವಾಗಿ ಇಡುವ ಅವಕಾಶವೂ ಇದೆ. ವಿಳಾಸ ಬದಲಾದರೆ ಅನುವಾದಕರು ವಾಕ್ಯವನ್ನು ಮುಟ್ಟಬೇಕಾಗಿಲ್ಲ.

ಕೆಲವೊಮ್ಮೆ ಪದ ಬದಲಾದರೆ ವಿಳಾಸವೂ ಬದಲಾಗುತ್ತದೆ. 2020ರ ಜುಲೈಯಲ್ಲಿ ಲಿನಕ್ಸ್ ಕರ್ನೆಲ್ ಯೋಜನೆಯು ಯಜಮಾನ-ಗುಲಾಮ ಎಂಬ ಅರ್ಥದ ಪಾರಿಭಾಷಿಕ ಪದಗಳನ್ನು ಹೊಸ ಬರಹದಲ್ಲಿ ಬಿಡುವ ನಿಯಮ ತಂದಿತು. ಅದೇ ವರ್ಷದ ಅಕ್ಟೋಬರ್‌ನಿಂದ ಗಿಟ್‌ಹಬ್ ತಾಣವು ಹೊಸ ಯೋಜನೆಗಳ ಮುಖ್ಯಶಾಖೆಯ ಹೆಸರನ್ನು ‘ಮಾಸ್ಟರ್’ನಿಂದ ‘ಮೇನ್’ಗೆ ಬದಲಿಸಿತು. ಶಾಖೆಯ ಹೆಸರು ವಿಳಾಸದ ಭಾಗವಾದ್ದರಿಂದ, ಹಳೆಯ ಯೋಜನೆಗಳು ತಮ್ಮ ಶಾಖೆಯ ಹೆಸರು ಬದಲಿಸಿದಾಗ ಹಳೆಯ ಕೊಂಡಿಗಳು ತಾವಾಗಿ ಹೊಸ ಹೆಸರಿಗೆ ತಿರುಗುವ ಏರ್ಪಾಡನ್ನೂ ಮಾಡಬೇಕಾಯಿತು.

ತಿದ್ದುಪಡಿಯೆಲ್ಲವೂ ನಿರ್ವಹಣೆಯಲ್ಲ. ಡಿಜಿಟಲ್‌ಓಷನ್ ಸಂಸ್ಥೆ 2014ರಿಂದ ನಡೆಸುತ್ತಿರುವ ಹ್ಯಾಕ್ಟೋಬರ್‌ಫೆಸ್ಟ್ ಎಂಬ ಅಕ್ಟೋಬರ್ ಅಭಿಯಾನದಲ್ಲಿ 2020ರಲ್ಲಿ ನಾಲ್ಕು ತಿದ್ದುಪಡಿಗಳನ್ನು ಸಲ್ಲಿಸಿದವರಿಗೆ ಅಂಗಿ ಕೊಡುವ ಯೋಜನೆಯಿತ್ತು. ಪರಿಣಾಮವಾಗಿ ಪರಿಚಯಪುಟಗಳಿಗೆ ‘ಅದ್ಭುತವಾದ ಯೋಜನೆ’ ಎಂಬರ್ಥದ ಪದಗಳನ್ನು ಸೇರಿಸುವ ನಿರುಪಯುಕ್ತ ಸಲ್ಲಿಕೆಗಳ ಮಹಾಪೂರವೇ ಹರಿದು, ಅವನ್ನು ತಳ್ಳಿಹಾಕುವುದರಲ್ಲೇ ನಿರ್ವಾಹಕರು ದಣಿದರು. ಅಭಿಯಾನ ಆರಂಭವಾದ ಕೆಲವೇ ದಿನಗಳಲ್ಲಿ, ಒಪ್ಪಿಗೆ ಸೂಚಿಸಿದ ಯೋಜನೆಗಳಿಗೆ ಸಲ್ಲಿಸಿದ ತಿದ್ದುಪಡಿಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವಂತೆ ನಿಯಮ ಬದಲಾಯಿತು. ಒಂದು ಕಡಿದ ಕೊಂಡಿಯನ್ನು ಸರಿಯಾಗಿ ಜೋಡಿಸುವುದು ಇಂಥ ನೂರು ಸಲ್ಲಿಕೆಗಳಿಗಿಂತ ಹೆಚ್ಚಿನದು.

ಕನ್ನಡದಲ್ಲಿ: ಸವಣೂರಿನ ನಿದರ್ಶನ

ಕನ್ನಡ ವಿಕಿಪೀಡಿಯ 2003ರ ಜೂನ್‌ನಲ್ಲಿ ಆರಂಭವಾಯಿತು. ಅದರ ಲೇಖನಗಳೂ ಮೀಡಿಯಾವಿಕಿಯ ಕನ್ನಡ ಸಹಾಯಪುಟಗಳೂ ಒಂದೇ ಬಗೆಯ ಕೊಂಡಿಗಳನ್ನು ಬಳಸುತ್ತವೆ: ಇಲ್ಲಿ ಪುಟದ ಶೀರ್ಷಿಕೆಯೇ ಅದರ ವಿಳಾಸ. ಇದರಿಂದ ಕನ್ನಡದಲ್ಲಿ ಹುಟ್ಟುವ ತೊಡಕುಗಳನ್ನು ಒಂದು ಊರಿನ ಹೆಸರಿನ ಮೂಲಕ ವಿವರಿಸಬಹುದು. ಹಾವೇರಿ ಜಿಲ್ಲೆಯ ತಾಲೂಕು ಕೇಂದ್ರವಾದ ಸವಣೂರು, ಹಾಗೂ ಅದೇ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಹಿರೇಕೆರೂರುಗಳ ಹೆಸರುಗಳಲ್ಲಿ ಬಹುತೇಕ ಎಲ್ಲ ಬಗೆಯ ಸಮಸ್ಯೆಗಳೂ ಕಾಣಸಿಗುತ್ತವೆ.

ಮೊದಲನೆಯದು ವಿಳಾಸದ ಉದ್ದ. ಯೂನಿಕೋಡ್ ಪ್ರಕಾರ ‘ಸವಣೂರು’ ಎಂಬುದರಲ್ಲಿ ಆರು ಸಂಕೇತಗಳಿವೆ: ಸ, ವ, ಣ, ಊಕಾರದ ಚಿಹ್ನೆ, ರ, ಉಕಾರದ ಚಿಹ್ನೆ. ಜಾಲತಾಣಗಳಲ್ಲಿ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟ್ ಬೇಕು. ವಿಳಾಸದಲ್ಲಿ ಪ್ರತಿ ಬೈಟನ್ನೂ ಶೇಕಡಾ ಚಿಹ್ನೆ ಮತ್ತು ಎರಡು ಅಕ್ಷರಗಳಿಂದ ಬರೆಯಲಾಗುತ್ತದೆ. ಹೀಗೆ ಆರು ಸಂಕೇತಗಳ ಊರು 54 ಅಕ್ಷರಗಳ ವಿಳಾಸವಾಗುತ್ತದೆ. ಹಿರೇಕೆರೂರು 90 ಆಗುತ್ತದೆ. ಇಷ್ಟುದ್ದದ ವಿಳಾಸವನ್ನು ನಕಲು ಮಾಡುವಾಗ ಕೊನೆಯ ಒಂದಕ್ಷರ ತಪ್ಪಿದರೂ ಕೊಂಡಿ ಕೆಲಸಕ್ಕೆ ಬಾರದು. ಎಲ್ಲಿ ತಪ್ಪಿತೆಂದು ಕಣ್ಣಿನಿಂದ ಕಂಡುಹಿಡಿಯುವುದೂ ಅಸಾಧ್ಯ.

ಎರಡನೆಯದು ವಿಭಕ್ತಿ. ಇಂಗ್ಲಿಷ್ ವಾಕ್ಯದಲ್ಲಿ ಊರಿನ ಹೆಸರು ಎಲ್ಲಿ ಬಂದರೂ ಒಂದೇ ರೂಪದಲ್ಲಿರುತ್ತದೆ. ಕನ್ನಡದಲ್ಲಿ ಸವಣೂರು ಎಂಬುದು ಸವಣೂರನ್ನು, ಸವಣೂರಿಗೆ, ಸವಣೂರಿನಲ್ಲಿ ಎಂದಾಗುತ್ತದೆ. ಲೋಪಸಂಧಿಯಾಗಿ ಪದದ ಕೊನೆಯ ಉಕಾರ ಬಿದ್ದುಹೋಗುತ್ತದೆ. ‘ಸವಣೂರಿನಲ್ಲಿ’ ಎಂಬ ಇಡೀ ಪದಕ್ಕೆ ಕೊಂಡಿ ಹಾಕಿದರೆ ಆ ಹೆಸರಿನ ಪುಟವಿಲ್ಲವಾದ್ದರಿಂದ ಅದು ಕೆಂಪಾಗುತ್ತದೆ. ಸರಿಯಾದ ಕ್ರಮ [[ಸವಣೂರು|ಸವಣೂರಿನಲ್ಲಿ]] ಎಂದು ಬರೆಯುವುದು: ಗೀಟಿನ ಎಡಕ್ಕೆ ವಿಳಾಸ, ಬಲಕ್ಕೆ ವಾಕ್ಯಕ್ಕೆ ಹೊಂದುವ ರೂಪ. ಹಾವೇರಿ, ಶಿಗ್ಗಾಂವಿಗಳಂಥ ಇಕಾರಾಂತ ಪದಗಳಲ್ಲಿ ಆಗಮಸಂಧಿಯಾಗುವುದರಿಂದ ಮೂಲಪದ ಕೆಡುವುದಿಲ್ಲ. [[ಹಾವೇರಿ]]ಯಲ್ಲಿ ಎಂದರೂ ನಡೆಯುತ್ತದೆ. ಶಾಲೆಯಲ್ಲಿ ಕಲಿತ ಸಂಧಿಪ್ರಕರಣ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ತಂತ್ರಾಂಶವು ತಾನೇ ಪದ ತುಂಬುವಲ್ಲಿ ಇದೇ ತೊಡಕಿಗೆ ಗೀಟಿನ ಪರಿಹಾರವಿಲ್ಲ. ಮೀಡಿಯಾವಿಕಿಯ ಸಂದೇಶಗಳಲ್ಲಿ ಪುಟದ ಹೆಸರು ಬರಬೇಕಾದ ಜಾಗವನ್ನು $1 ಎಂದು ಗುರುತಿಸಲಾಗುತ್ತದೆ. ಅನುವಾದಕರು ‘$1 ಅನ್ನು ಅಳಿಸಲಾಗಿದೆ’ ಎಂದು ಬರೆದರೆ ತೆರೆಯ ಮೇಲೆ ‘ಸವಣೂರು ಅನ್ನು ಅಳಿಸಲಾಗಿದೆ’ ಎಂಬ ಕನ್ನಡವಲ್ಲದ ಕನ್ನಡ ಮೂಡುತ್ತದೆ. ಅನುಭವಿಗಳು ‘$1 ಎಂಬ ಪುಟವನ್ನು ಅಳಿಸಲಾಗಿದೆ’ ಎಂದು ಬರೆದು ಪ್ರತ್ಯಯವನ್ನು ತಮ್ಮ ಕೈಯಲ್ಲಿರುವ ಪದಕ್ಕೆ ವರ್ಗಾಯಿಸುತ್ತಾರೆ. ಬಹುವಚನದಲ್ಲೂ ಇಂಥದೇ ಗೊಂದಲವಿದೆ. ಯೂನಿಕೋಡ್ ಒಕ್ಕೂಟದ ಸ್ಥಳೀಯ ದತ್ತಾಂಶದಲ್ಲಿ ಕನ್ನಡದ ಸೊನ್ನೆ ಏಕವಚನದ ಗುಂಪಿಗೆ ಸೇರಿದೆ. ಗೆಟ್‌ಟೆಕ್ಸ್ಟ್ ಕಡತಗಳಲ್ಲಿ ಕನ್ನಡಕ್ಕೆ ರೂಢಿಯಲ್ಲಿರುವ ನಿಯಮದ ಪ್ರಕಾರ ಒಂದನ್ನುಳಿದು ಎಲ್ಲವೂ ಬಹುವಚನ. ಒಂದು ತೆರೆಯಲ್ಲಿ ‘0 ಕಡತ’, ಇನ್ನೊಂದರಲ್ಲಿ ‘0 ಕಡತಗಳು’ ಕಂಡರೆ ಕಾರಣ ಇದು.

ಮೂರನೆಯದು ಬರವಣಿಗೆಯ ಭೇದ. ಧಾರವಾಡ ಸೀಮೆಯಲ್ಲಿ ಸವಣೂರ, ಹಿರೇಕೆರೂರ ಎಂದು ಅಕಾರಾಂತವಾಗಿ ಬರೆಯುವ ರೂಢಿ ಬಲವಾಗಿದೆ. ಪಠ್ಯಪುಸ್ತಕದ ಕನ್ನಡ ಸವಣೂರು, ಹಿರೇಕೆರೂರು ಎನ್ನುತ್ತದೆ. ಶಿಗ್ಗಾಂವಿ, ಶಿಗ್ಗಾವಿ, ಶಿಗ್ಗಾಂವ ಎಂಬ ಮೂರು ರೂಪಗಳೂ, ಹಾನಗಲ್ ಮತ್ತು ಹಾನಗಲ್ಲು ಎಂಬ ಎರಡು ರೂಪಗಳೂ ಚಾಲ್ತಿಯಲ್ಲಿವೆ. ಇವುಗಳಲ್ಲಿ ಒಂದನ್ನು ತಪ್ಪೆಂದು ಸಾರುವುದು ವಿಶ್ವಕೋಶದ ಕೆಲಸವಲ್ಲ. ಒಂದನ್ನು ಶೀರ್ಷಿಕೆಯಾಗಿಸಿ ಉಳಿದವುಗಳಿಂದ ಪುನರ್ನಿರ್ದೇಶನ ಕೊಟ್ಟರೆ ಹುಡುಕುವವನು ತನ್ನೂರಿನ ರೂಢಿಯಂತೆ ಬರೆದರೂ ಪುಟ ಸಿಗುತ್ತದೆ. ಆದರೆ ಪುನರ್ನಿರ್ದೇಶನದಿಂದ ಪುನರ್ನಿರ್ದೇಶನಕ್ಕೆ ಕೊಂಡಿ ಬೀಳಬಾರದು: ಮೀಡಿಯಾವಿಕಿ ಸಾಮಾನ್ಯವಾಗಿ ಒಂದು ಹೆಜ್ಜೆಯನ್ನು ಮಾತ್ರ ತಾನಾಗಿ ದಾಟಿಸುತ್ತದೆ, ಎರಡನೆಯದರಲ್ಲಿ ಓದುಗನನ್ನು ನಡುದಾರಿಯಲ್ಲಿ ನಿಲ್ಲಿಸುತ್ತದೆ.

ಕಣ್ಣಿಗೆ ಕಾಣದ ಭೇದವೂ ಒಂದಿದೆ. ಕನ್ನಡದಲ್ಲಿ ಒತ್ತಕ್ಷರವಾಗದಂತೆ ತಡೆಯಲು ಶೂನ್ಯ ಅಗಲದ ಅಸಂಯೋಜಕ ಎಂಬ ಸಂಕೇತವನ್ನು ಬಳಸಲಾಗುತ್ತದೆ. ‘ಸಾಫ್ಟ್‌ವೇರ್’ ಎಂಬಲ್ಲಿ ವಕಾರವು ಟಕಾರದ ಅಡಿಗೆ ಇಳಿಯದಿರುವುದು ಇದರಿಂದ. ಇದೇ ಸಂಕೇತ ಹಾನಗಲ್ ಎಂಬ ಪದದ ಕೊನೆಯಲ್ಲಿ ಸೇರಿಕೊಂಡರೆ ತೆರೆಯ ಮೇಲೆ ಯಾವ ವ್ಯತ್ಯಾಸವೂ ಕಾಣದು. ಗಣಕಕ್ಕೆ ಮಾತ್ರ ಅವು ಎರಡು ಬೇರೆ ಶೀರ್ಷಿಕೆಗಳು. ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎಕಾರ-ಊಕಾರ ಚಿಹ್ನೆಗಳ ಜೋಡಿಯಾಗಿಯೂ ಬರೆಯಲು ಸಾಧ್ಯವಿದ್ದರೂ ಅದನ್ನು ಮೀಡಿಯಾವಿಕಿ ಒಂದೇ ರೂಪಕ್ಕೆ ತರುತ್ತದೆ. ಅಸಂಯೋಜಕವನ್ನು ಹಾಗೆ ತೆಗೆಯುವುದಿಲ್ಲ, ತೆಗೆದರೆ ‘ಸಾಫ್ಟ್‌ವೇರ್’ ಕೆಡುತ್ತದೆ. ನೋಡಲು ಸರಿಯಾಗಿಯೇ ಇರುವ ಕೊಂಡಿ ಕೆಂಪಾಗಿ ಕಂಡರೆ ಪದದ ಕೊನೆಗೆ ಹೋಗಿ ಒಮ್ಮೆ ಅಳಿಸು ಕೀಲಿಯನ್ನು ಒತ್ತಿ ನೋಡುವುದು ಬಲ್ಲವರ ಮೊದಲ ಮದ್ದು.

ನಾಲ್ಕನೆಯದು ಒಂದೇ ಹೆಸರಿನ ಎರಡು ಊರುಗಳು. ದಕ್ಷಿಣ ಕನ್ನಡ ಜಿಲ್ಲೆಯಲ್ಲೂ ಸವಣೂರು ಎಂಬ ಊರಿದೆ. ಇಂಥ ಸಂದರ್ಭದಲ್ಲಿ ಆವರಣದಲ್ಲಿ ಜಿಲ್ಲೆಯನ್ನೋ ತಾಲೂಕನ್ನೋ ಸೂಚಿಸಿ ಬೇರೆ ಬೇರೆ ಪುಟಗಳನ್ನು ಮಾಡಿ, ಬರಿಯ ಹೆಸರನ್ನು ದ್ವಂದ್ವ ನಿವಾರಣಾ ಪುಟವಾಗಿಸುವುದುಂಟು. ಹಾಗೆ ಮಾಡಿದ ಗಳಿಗೆಯಿಂದ ಹಿಂದಿನ ಕೊಂಡಿಗಳೆಲ್ಲ ಕವಲುದಾರಿಯಲ್ಲಿ ನಿಲ್ಲುತ್ತವೆ. ಆ ಪುಟಕ್ಕೆ ಎಲ್ಲೆಲ್ಲಿಂದ ಕೊಂಡಿಗಳಿವೆ ಎಂಬ ಪಟ್ಟಿಯನ್ನು ತೆರೆದು, ನವಾಬರ ಪ್ರಸ್ತಾಪ ಬಂದಲ್ಲಿ ಹಾವೇರಿಯ ಸವಣೂರೆಂದೂ ಕರಾವಳಿಯ ಪ್ರಸ್ತಾಪ ಬಂದಲ್ಲಿ ದಕ್ಷಿಣ ಕನ್ನಡದ ಸವಣೂರೆಂದೂ ಒಂದೊಂದಾಗಿ ತಿದ್ದಬೇಕಾಗುತ್ತದೆ.

ಯಾಂತ್ರಿಕ ತಿದ್ದುಪಡಿ ಎಲ್ಲಿ ಸೋಲುತ್ತದೆಂಬುದಕ್ಕೂ ಸವಣೂರೇ ಉತ್ತಮ ಉದಾಹರಣೆ. ಅದು 1948ರವರೆಗೆ ನವಾಬರ ಸಂಸ್ಥಾನ. ವಿಲೀನದ ಬಳಿಕ ಧಾರವಾಡ ಜಿಲ್ಲೆಗೆ ಸೇರಿತು. 1997ರ ಆಗಸ್ಟ್ 24ರಂದು ಹಾವೇರಿ ಜಿಲ್ಲೆ ರಚನೆಯಾದಾಗ ಅದರ ಭಾಗವಾಯಿತು. ಸವಣೂರಿನ ಜೊತೆಗೆ ಬರುವ ‘ಧಾರವಾಡ ಜಿಲ್ಲೆ’ ಎಂಬ ಕೊಂಡಿಯನ್ನು ಎಲ್ಲೆಡೆ ‘ಹಾವೇರಿ ಜಿಲ್ಲೆ’ ಎಂದು ಬದಲಿಸುವಂತೆ ಯಂತ್ರಕ್ಕೆ ಆಜ್ಞಾಪಿಸುವುದು ಸುಲಭ. ಆದರೆ 1990ರ ಜ್ಞಾನಪೀಠ ಪ್ರಶಸ್ತಿ ಪಡೆದ ವಿನಾಯಕ ಕೃಷ್ಣ ಗೋಕಾಕರು ಸವಣೂರಿನಲ್ಲಿ ಹುಟ್ಟಿದ್ದು 1909ರಲ್ಲಿ. ಅವರ ಜೀವನಚರಿತ್ರೆಯಲ್ಲಿ ಧಾರವಾಡ ಎಂದರೂ ಹಾವೇರಿ ಎಂದರೂ ಅಂದಿನ ಸ್ಥಿತಿ ಅದಲ್ಲ. ‘ಸವಣೂರು ಸಂಸ್ಥಾನ, ಇಂದಿನ ಹಾವೇರಿ ಜಿಲ್ಲೆ’ ಎಂಬ ಬರವಣಿಗೆ ಎರಡನ್ನೂ ಹೇಳುತ್ತದೆ. ಗೋಕಾಕರ ಹೆಸರಂತೂ ವಿನಾಯಕ, ವಿ. ಕೃ. ಗೋಕಾಕ, ವಿ.ಕೃ.ಗೋಕಾಕ್ ಎಂದು ಬಗೆಬಗೆಯಾಗಿ ಬರೆಯಲ್ಪಡುತ್ತದೆ. ಚುಕ್ಕೆಯ ಪಕ್ಕದ ಒಂದು ಖಾಲಿ ಜಾಗವೂ ಕೊಂಡಿಯನ್ನು ಕಡಿಯಬಲ್ಲದು.

ಪರಿಭಾಷೆ

ಸಾಫ್ಟ್‌ವೇರ್‌ಗೆ ತಂತ್ರಾಂಶ, ಫೈಲ್‌ಗೆ ಕಡತ, ಲಿಂಕ್‌ಗೆ ಕೊಂಡಿ ಎಂಬ ಪದಗಳು ಬಹುತೇಕ ನೆಲೆನಿಂತಿವೆ. ಪಾಸ್‌ವರ್ಡ್‌ಗೆ ಗುಪ್ತಪದ ಎನ್ನುವವರೂ ಪ್ರವೇಶಪದ ಎನ್ನುವವರೂ ಇದ್ದಾರೆ. ಅಂತರಜಾಲವೋ ಅಂತರ್ಜಾಲವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಸಂಸ್ಕೃತಮೂಲದ ಹೊಸಪದಗಳ ಬದಲು ಕನ್ನಡದ್ದೇ ಬೇರುಗಳಿಂದ ಪದ ಕಟ್ಟಬೇಕೆಂದು ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ವಾದಿಸಿದರು. ಅವರು ಸೂಚಿಸಿದ ಸರಳ ಬರವಣಿಗೆಯಲ್ಲಿ ಮಹಾಪ್ರಾಣಗಳಿಲ್ಲ. ಈ ಚರ್ಚೆಗಳಿಗೆ ತಮ್ಮದೇ ಮಹತ್ತ್ವವಿದೆ. ದಸ್ತಾವೇಜಿನ ಮಟ್ಟಿಗೆ ಮಾತ್ರ, ಪದ ಯಾವುದೆಂಬುದಕ್ಕಿಂತ ತೆರೆಯ ಮೇಲೂ ಪುಟದಲ್ಲೂ ಅದೇ ಪದವಿದೆಯೇ ಎಂಬ ಪ್ರಶ್ನೆ ದೊಡ್ಡದು.

ಗುಂಡಿಯ ಮೇಲಿನ ಕ್ರಿಯಾಪದವನ್ನೇ ನೋಡಬಹುದು. ಗ್ನೋಮ್‌ನ ಕನ್ನಡ ಆವೃತ್ತಿಯಲ್ಲಿ ‘ತೆರೆ’, ‘ಉಳಿಸು’ ಎಂಬ ಏಕವಚನದ ರೂಪಗಳಿವೆ: ಬಳಕೆದಾರನು ಗಣಕಕ್ಕೆ ಆಜ್ಞೆ ಕೊಡುತ್ತಿದ್ದಾನೆಂಬುದು ಇದರ ಭಾವ. ಕನ್ನಡ ವಿಕಿಪೀಡಿಯದಲ್ಲಿ ‘ಸಂಪಾದಿಸಿ’ ಎಂದಿದೆ: ತಾಣವು ಬಳಕೆದಾರನನ್ನು ಗೌರವದಿಂದ ಆಹ್ವಾನಿಸುತ್ತಿದೆ. ಎರಡಕ್ಕೂ ಸಮರ್ಥನೆಯಿದೆ. ಆದರೆ ‘ಉಳಿಸು’ ಎಂಬ ಗುಂಡಿಯಿರುವ ತಂತ್ರಾಂಶದ ಕೈಪಿಡಿಯಲ್ಲಿ ‘ಸೇವ್ ಒತ್ತಿರಿ’ ಎಂದೋ ‘ಸಂರಕ್ಷಿಸಿ ಎಂಬುದನ್ನು ಆರಿಸಿರಿ’ ಎಂದೋ ಬರೆದರೆ ಓದುಗನು ಇಲ್ಲದ ಗುಂಡಿಯನ್ನು ಹುಡುಕುತ್ತಾನೆ. ಈ ಅವ್ಯವಸ್ಥೆಯನ್ನು ತಗ್ಗಿಸಲು ರೆಡ್ ಹ್ಯಾಟ್ ಸಂಸ್ಥೆಯ ಮುಂದಾಳತ್ವದಲ್ಲಿ 2008ರಲ್ಲಿ ಫ್ಯೂಯೆಲ್ ಎಂಬ ಯೋಜನೆ ಆರಂಭವಾಗಿ, ತೆರೆಯ ಮೇಲೆ ಪದೇ ಪದೇ ಬರುವ ಪದಗಳ ಏಕರೂಪದ ಪಟ್ಟಿಗಳನ್ನು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಸಿದ್ಧಪಡಿಸತೊಡಗಿತು.

ಇದು ತರಗತಿಯ ಪ್ರಶ್ನೆಯೂ ಹೌದು. 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆಯಾಗಿ ಆರಂಭವಾಗಿ 2017ರಲ್ಲಿ ‘ಕೈಟ್’ ಎಂಬ ಸರ್ಕಾರಿ ಕಂಪನಿಯಾದ ಕೇರಳದ ಸಂಸ್ಥೆಯು ಶಾಲೆಗಳಲ್ಲಿ ಗ್ನೂ ಲಿನಕ್ಸ್ ಆಧಾರಿತ ಮುಕ್ತ ತಂತ್ರಾಂಶವನ್ನೇ ಕಲಿಸುತ್ತದೆ. ಅಲ್ಲಿನ ಮಾಹಿತಿ ಸಂವಹನ ತಂತ್ರಜ್ಞಾನದ ಪಠ್ಯಪುಸ್ತಕಗಳು ಮಲಯಾಳ ಮತ್ತು ಇಂಗ್ಲಿಷ್ ಅಲ್ಲದೆ ಕನ್ನಡ ಹಾಗೂ ತಮಿಳಿನಲ್ಲೂ ಪ್ರಕಟವಾಗುತ್ತವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳ ಕೈಗೆ ಬರುವುದು ಈ ಪುಸ್ತಕಗಳು. ತಂತ್ರಾಂಶದ ಹೊಸ ಆವೃತ್ತಿಯಲ್ಲಿ ಪರಿವಿಡಿಯ ಒಂದು ಪದ ಬದಲಾದರೆ ಜಾಲಪುಟವನ್ನು ಅಂದೇ ತಿದ್ದಬಹುದು. ಅಚ್ಚಾದ ಪುಸ್ತಕ ಮರುಮುದ್ರಣದವರೆಗೆ ಹಳೆಯ ಪದವನ್ನೇ ಹೇಳುತ್ತಿರುತ್ತದೆ. ಅನುವಾದದಲ್ಲಿ ನೆಲೆನಿಂತ ಪದವನ್ನು ಕೇವಲ ಅಭಿರುಚಿಯ ಕಾರಣಕ್ಕೆ ಬದಲಿಸಬಾರದೆಂಬ ವಾದಕ್ಕೆ ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ.

ಹಳೆಯ ಲಿಪಿಸಂಕೇತಗಳು

ಯೂನಿಕೋಡ್ ಬಳಕೆ ವ್ಯಾಪಕವಾಗುವ ಮೊದಲು ಕನ್ನಡದ ಜಾಲಪುಟಗಳು ಆಯಾ ತಂತ್ರಾಂಶದ ಅಕ್ಷರಶೈಲಿಯನ್ನು ಅವಲಂಬಿಸಿದ್ದವು. ಆ ಶೈಲಿ ಗಣಕದಲ್ಲಿ ಇಲ್ಲದಿದ್ದರೆ ಪುಟದಲ್ಲಿ ಕಾಣುತ್ತಿದ್ದುದು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು. ಇಂಥ ಪುಟದ ವಿಳಾಸ ಇಂದಿಗೂ ಕೆಲಸ ಮಾಡುತ್ತಿರಬಹುದು, ಪದಗಳೂ ಬರೆದಂತೆಯೇ ಇರಬಹುದು. ಆದರೂ ಹುಡುಕುಯಂತ್ರಕ್ಕೆ ಅದು ಕನ್ನಡವೆಂದೇ ತಿಳಿಯುವುದಿಲ್ಲ. ನುಡಿ, ಬರಹ ಮುಂತಾದವುಗಳ ಹಳೆಯ ಸಂಕೇತದಿಂದ ಯೂನಿಕೋಡ್‌ಗೆ ಪರಿವರ್ತಿಸುವ ಸಲಕರಣೆಗಳು ಲಭ್ಯವಿವೆ. ಪರಿವರ್ತನೆಯಲ್ಲಿ ಅರ್ಕಾವೊತ್ತು ಮತ್ತು ಒತ್ತಕ್ಷರಗಳ ಸ್ಥಾನ ತಪ್ಪುವ ಸಂಭವವಿರುವುದರಿಂದ ಮೂಲದೊಂದಿಗೆ ಹೋಲಿಸಿ ಓದುವುದು ಅಗತ್ಯ.

ಭಾಗವಹಿಸುವಿಕೆ

ಈ ಕೆಲಸಕ್ಕೆ ಕಾರ್ಯಕ್ರಮ ರಚನೆಯ ಜ್ಞಾನ ಬೇಕಿಲ್ಲ. ಮೀಡಿಯಾವಿಕಿಯ ಕನ್ನಡ ಸಂದೇಶಗಳನ್ನು ಟ್ರಾನ್ಸ್‌ಲೇಟ್‌ವಿಕಿ ತಾಣದಲ್ಲಿ ಸ್ವಯಂಸೇವಕರು ಅನುವಾದಿಸುತ್ತಾರೆ. ಅಲ್ಲಿ ಖಾತೆ ತೆರೆದವರು ತಪ್ಪಾದ ಅಥವಾ ಹಳತಾದ ಸಂದೇಶಗಳನ್ನು ತಿದ್ದಬಹುದು. ಕನ್ನಡ ವಿಕಿಪೀಡಿಯದಲ್ಲಿ ಶೀರ್ಷಿಕೆ ಅಥವಾ ಪದಬಳಕೆಯ ಬಗ್ಗೆ ಭಿನ್ನಾಭಿಪ್ರಾಯವಿದ್ದರೆ ಆಯಾ ಲೇಖನದ ಚರ್ಚಾಪುಟದಲ್ಲಿ, ಅನೇಕ ಲೇಖನಗಳಿಗೆ ಸಂಬಂಧಿಸಿದ್ದಾದರೆ ‘ಅರಳಿಕಟ್ಟೆ’ ಎಂಬ ಸಮುದಾಯಪುಟದಲ್ಲಿ ಪ್ರಸ್ತಾಪಿಸುವುದು ಪದ್ಧತಿ. ಕೊಂಡಿಯನ್ನು ತಿದ್ದಿದವರು ಸಂಪಾದನೆಯ ಸಾರಾಂಶದಲ್ಲಿ ಹಳೆಯ ವಿಳಾಸ ಏಕೆ ಕೆಲಸ ಮಾಡಲಿಲ್ಲವೆಂದು ಒಂದು ಸಾಲು ಬರೆದರೆ, ಮುಂದೆ ಅದೇ ಕೊಂಡಿ ಮತ್ತೆ ಕಡಿದಾಗ ದುರಸ್ತಿಗೆ ಬರುವವರು ಪುಟದ ಇತಿಹಾಸದಿಂದ ಅದನ್ನು ತಿಳಿಯುತ್ತಾರೆ.